ಚಿಕ್ಕ ಕಯಾಕ್ ಬೇಗ ಮಗುಚುತ್ತದೆಯೇ? ಪೆಡಲ್ ದೋಣಿ ಕೊಳ್ಳುವ ಮುನ್ನ ಓದಿ

ಕೆಜಿಎಫ್‌ಗೆ ನೀರು ಕೊಟ್ಟ ಪಾಲಾರ್ ನದಿಯ ಬೇತಮಂಗಲ ಕೆರೆಯಂಥ ಕಡೆ ಗಾಳ ಹಾಕಲು ಪೆಡಲ್ ತುಳಿಯುವ ಕಯಾಕ್ ಕೊಳ್ಳುತ್ತೇನೆ ಎಂದರೆ ಸಿಗುವ ಸಲಹೆ: "ಚಿಕ್ಕದು ಬೇಗ ಮಗುಚುತ್ತದೆ, ಉದ್ದದ್ದೇ ತಗೊಳ್ಳಿ." ಇದು ನಿಜವೇ?

ಅಲ್ಲ. ಉದ್ದದಿಂದ ವೇಗ ಹೆಚ್ಚುತ್ತದೆ, ದೋಣಿ ನೇರವಾಗಿ ಸಾಗುತ್ತದೆ. ಪಕ್ಕಕ್ಕೆ ವಾಲದಂತೆ ತಡೆಯುವುದು ಮುಖ್ಯವಾಗಿ ಅಗಲ. ಉದ್ದ ಎರಡು ಪಟ್ಟಾದರೆ ಈ ತಡೆಯೂ ಸುಮಾರು ಎರಡು ಪಟ್ಟು. ಅಗಲ ಎರಡು ಪಟ್ಟಾದರೆ ಎಂಟು ಪಟ್ಟು! 75 ಸೆಂ.ಮೀ. ಬದಲು 90 ಸೆಂ.ಮೀ. ಅಗಲವಿದ್ದರೆ ತಡೆ ಸುಮಾರು 70% ಹೆಚ್ಚುತ್ತದೆ. ನಮ್ಮ ಹರಿಗೋಲನ್ನೇ ನೋಡಿ, ಉದ್ದವೆಂಬುದೇ ಇಲ್ಲ. ಹಾಗೆಂದು ಎಲ್ಲರೂ ಒಂದೇ ಬದಿಗೆ ಸರಿದರೆ ಅದೂ ಮಗುಚುತ್ತದೆ. ಕಯಾಕ್‌ನಲ್ಲಿ ಎತ್ತರದ ಸೀಟು ಹಾಕಿದರೂ, ಎದ್ದು ನಿಂತು ಗಾಳ ಎಸೆದರೂ ಅಪಾಯ ಹೆಚ್ಚುತ್ತದೆ.

ಪೆಡಲ್ ಇದ್ದರೆ ಗಾಳ ಹಿಡಿಯಲು ಎರಡೂ ಕೈ ಖಾಲಿ. ತೊಂದರೆ ಇರುವುದು ದೋಣಿಯ ಕೆಳಗೆ. ಪ್ರೊಪೆಲ್ಲರ್ ತಳಕ್ಕಿಂತ ಕೆಳಗೆ ಇಳಿದಿರುವುದರಿಂದ ಹೂಳು ತುಂಬಿದ ಅಂಚಿನಲ್ಲಿ ನೆಲಕ್ಕೆ ತಾಗುತ್ತದೆ. ಜೊಂಡು, ಮೀನುಗಾರರ ಬಲೆ ಸುತ್ತಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗಲಂತೂ ಕೇಳುವುದೇ ಬೇಡ. ಆದ್ದರಿಂದ ಅದನ್ನು ಸುಲಭವಾಗಿ ಮೇಲೆತ್ತಲು ಬರುತ್ತದೆಯೇ ನೋಡಿ. ಕೈಹುಟ್ಟು ಜೊತೆಗಿರಲಿ.

ಹಣ ಸಾಲದಿದ್ದರೆ? ಮುಂದೆ ಪೆಡಲ್ ಜೋಡಿಸಲು ಜಾಗವಿರುವ ಅಗಲವಾದ ದೋಣಿಯನ್ನೇ ಈಗ ಕೊಂಡು ಹುಟ್ಟು ಹಾಕಿ ಎನ್ನುತ್ತೇವೆ ನಾವು. ಲೈಫ್ ಜಾಕೆಟ್‌ನ ದುಡ್ಡು ಮಾತ್ರ ಉಳಿಸಬೇಡಿ; ಈಜು ಬರುವವರೂ ಜೊಂಡಿನಲ್ಲಿ ಕಾಲು ಸಿಕ್ಕಿ ಮುಳುಗುತ್ತಾರೆ.

ಇನ್ನೊಂದು ಮಾತು: ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವುದುಂಟು. ಇಳಿಯುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.