ಬಾಟಲಿಗೆ ಮರ್ಯಾದೆ, ಪ್ಯಾಕೆಟ್ಟಿಗೆ ಬೈಗುಳ

ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ ಹಲಕುಂದಿಯ ನಮ್ಮ ಪಡಸಾಲೆಯಲ್ಲಿ ಕೂತು ಒಂದು ತಾಸು ನನಗೇ ಪಾಠ ಮಾಡಿದ. ಕಂಪನಿಯವರು ಹಂಗೇರಿಗೆ ಕಳಿಸಿದ್ದರಂತೆ. ಅಲ್ಲಿ ಟೊಕಾಯ್ ಸೀಮೆಯಲ್ಲಿ ಮನೆತನದವರೇ ನಡೆಸುವ ಒಂದು ವೈನ್ ನೆಲಮಾಳಿಗೆಯನ್ನು ನೋಡಿ, ಒಂದು ಬಾಟಲಿ ತಂದಿದ್ದ. "ದೊಡ್ಡಮ್ಮಾ, ಇದು ಕುಡಿತ ಅಲ್ಲ, ಸಂಸ್ಕೃತಿ" ಅಂದ.

ಅವನು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದೂ ಇದೆ. ಯಾವ ಊರುಗಳ ದ್ರಾಕ್ಷಿಗೆ ಟೊಕಾಯ್ ಹೆಸರು ಸಲ್ಲಬೇಕೆಂದು 1737ರಲ್ಲೇ ರಾಜಾಜ್ಞೆಯಿಂದ ಎಲ್ಲೆ ಗುರುತಿಸಿದರು. ಬಳ್ಳಿಯಲ್ಲೇ ಬೂಷ್ಟು ಹಿಡಿದು ಸುಕ್ಕಾದ ಹಣ್ಣನ್ನು ಒಂದೊಂದಾಗಿ ಕೈಯಲ್ಲೇ ಆರಿಸಬೇಕು. ಆ ಹಣ್ಣು ತುಂಬುವ ಬುಟ್ಟಿಗೆ ಪುಟ್ಟೋನ್ ಎನ್ನುತ್ತಾರೆ. (ನಮ್ಮ ಪುಟ್ಟಿಯೇ ಅಲ್ಲಿಗೆ ಹೋಯಿತೇನೋ ಎಂದು ನಕ್ಕೆ.) ಹಿಂದೆ ಪೀಪಾಯಿಗೆ ಎಷ್ಟು ಪುಟ್ಟಿ ಬಿತ್ತೋ ಅದೇ ಸಿಹಿಯ ಅಳತೆಯಾಗಿತ್ತು. ಕಮ್ಯುನಿಸ್ಟ್ ಸರ್ಕಾರ ತೋಟಗಳನ್ನು ಕಿತ್ತುಕೊಂಡಿತ್ತು. 1990ರ ನಂತರ ಮನೆತನಗಳು ಮತ್ತೆ ಮಣ್ಣಿಗೆ ಕೈಹಾಕಿದವು. ದುಡಿಮೆಗೆ ನನ್ನ ನಮಸ್ಕಾರ. ನಮ್ಮಲ್ಲೂ ನಂದಿಬೆಟ್ಟದ ತಪ್ಪಲಲ್ಲಿ 1988ರಿಂದ ಗ್ರೋವರ್ ಮನೆತನದವರು ವೈನ್ ದ್ರಾಕ್ಷಿ ಬೆಳೆಸಿದರು. ಅವರ ಮೇಲೂ ನನಗೆ ಸಿಟ್ಟಿಲ್ಲ.

ಸಿಟ್ಟಿರುವುದು "ಕುಡಿತ ಅಲ್ಲ" ಎಂಬ ಮಾತಿನ ಮೇಲೆ. 2007ರ ಜುಲೈ 1ರಿಂದ ನಮ್ಮ ಸರ್ಕಾರ ಸಾರಾಯಿ ನಿಲ್ಲಿಸಿತು. ನಮ್ಮ ಓಣಿಯ ಹೆಣ್ಣುಮಕ್ಕಳು ಸಕ್ಕರೆ ಹಂಚಿದರು, ನಾನೂ ತಿಂದೆ. ಅದೇ 2007ರಲ್ಲಿ ಅದೇ ಸರ್ಕಾರ ವೈನ್ ನೀತಿ ತಂದಿತು, ವೈನ್ ಮಂಡಳಿ ಕಟ್ಟಿತು. ದ್ರಾಕ್ಷಿ ರೈತನಿಗೆ ಬೆಲೆ ಸಿಗಲಿ, ಬೇಡ ಎನ್ನುವವರು ಯಾರು? ಆದರೆ ಕೂಲಿಯವನು ಕುಡಿದರೆ ಪಿಡುಗು, ಕೋಟು ಹಾಕಿದವನು ಕುಡಿದರೆ ಪರಂಪರೆ ಎಂಬ ಎರಡು ತಕ್ಕಡಿ ಯಾಕೆ? ನಮ್ಮೂರಲ್ಲಿ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪ್ಯಾಕೆಟ್ಟು ಬಂತು. ನನ್ನ ಏಳನೇ ತರಗತಿಯ ಒಬ್ಬ ಹುಡುಗಿ ಮಧ್ಯಾಹ್ನದ ಊಟದ ಗಂಟೆ ಹೊಡೆದೊಡನೆ ಓಡುತ್ತಿದ್ದಳು, ರಸ್ತೆ ಬದಿ ಬಿದ್ದ ಅಪ್ಪನನ್ನು ನೆರಳಿಗೆ ಎಳೆದು ಬರಲು. ಅವನನ್ನು ಕುಡುಕ ಎನ್ನಲು ಯಾರೂ ಹಿಂದೆಮುಂದೆ ನೋಡಲಿಲ್ಲ.

"ವೈನಲ್ಲಿ ಮದ್ಯಸಾರ ಕಡಿಮೆ, ಹೃದಯಕ್ಕೆ ಒಳ್ಳೇದು, ಹೆಂಗಸರೂ ತಗೋಬಹುದು" ಎಂದ ನಮ್ಮ ಹುಡುಗ. ಕಡಿಮೆ ನಿಜ, ವಿಸ್ಕಿಯಲ್ಲಿ ನೂರಕ್ಕೆ 42.8 ಇದ್ದರೆ ವೈನಿನಲ್ಲಿ 12, 14. ಆದರೆ ಮದ್ಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿದೆ. ಹೆಂಗಸರ ಸ್ತನ ಕ್ಯಾನ್ಸರೂ ಅದರಲ್ಲಿ ಸೇರಿದೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು 2023ರಲ್ಲಿ ಆ ಸಂಸ್ಥೆಯೇ ಹೇಳಿತು. ಅಕ್ಕತಂಗಿಯರೇ, ಚಂದದ ಲೋಟ ಹಿಡಿದು ನಿಮ್ಮ ಬಾಗಿಲಿಗೂ ಈ ಮಾತು ಬರುತ್ತದೆ. ಕುಡಿಯುವುದು ಬಿಡುವುದು ನಿಮ್ಮ ಇಷ್ಟ. ಕುಡಿತವನ್ನು ಕುಡಿತ ಎಂದೇ ಕರೆಯಿರಿ.

ಅವನ ಹೆಂಡತಿ ಅಷ್ಟು ಹೊತ್ತೂ ಸುಮ್ಮನಿದ್ದವಳು ಎದ್ದು ಒಳಗೆ ಬಂದು, "ಮಜ್ಜಿಗೆ ಇದೆಯಾ ದೊಡ್ಡಮ್ಮಾ?" ಎಂದಳು. ಹೊರಡುವಾಗ ಬಾಟಲಿ ಬಸ್ಸಿನಲ್ಲಿ ಒಡೆಯಬಾರದೆಂದು ನನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅವನ ಕೈಗೇ ಕೊಟ್ಟೆ.