ಮಂಡಿನೋವು, ಮಾತ್ರೆ ಮತ್ತು ಶಿವಪೂಜೆ

ವಯೋವೃದ್ಧ ಭಕ್ತರನೇಕರು ನಮ್ಮೆದುರು ಒಂದು ಸಂಕಟವನ್ನು ತೋಡಿಕೊಳ್ಳುವುದುಂಟು. ಪೂಜೆಗೆ ಮುನ್ನ ಏನನ್ನೂ ಉಣ್ಣಬಾರದೆಂಬುದು ಮನೆತನದ ನೇಮ. ಮಂಡಿನೋವಿನಿಂದ ಚಕ್ಕಳಮಕ್ಕಳ ಹಾಕಿ ಕೂಡಲಾಗದು. ಆದುದರಿಂದ ಬರಿಹೊಟ್ಟೆಯಲ್ಲಿಯೇ ಡೈಕ್ಲೋಫೆನಾಕ್ ಮಾತ್ರೆ ನುಂಗಿ ಪೂಜೆಗೆ ಕೂಡುತ್ತಾರೆ. ನೋವು ಇಳಿಯದಿದ್ದರೆ ಇನ್ನೊಂದು. ಇದು ಸರಿಯೇ? ಆ ಮಾತ್ರೆ ಕಾಯದೊಳಗೆ ನಡೆಯುವ ದಾರಿಯನ್ನು ಅರಿತರೆ ಉತ್ತರ ತಾನೇ ದೊರೆಯುತ್ತದೆ.

ಈ ಮಾತ್ರೆಗೆ ಸಾಮಾನ್ಯವಾಗಿ ಜಠರದಲ್ಲಿ ಕರಗದ ಹೊದಿಕೆಯಿರುತ್ತದೆ. ಅದು ಸಣ್ಣ ಕರುಳಿಗೆ ಇಳಿದ ಮೇಲೆಯೇ ಕರಗುವುದರಿಂದ, ಬರಿಹೊಟ್ಟೆಯಲ್ಲಿ ನುಂಗಿದರೂ ರಕ್ತದಲ್ಲಿ ಮದ್ದು ತುಂಬಿಕೊಳ್ಳಲು ಸುಮಾರು 2 ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಪೂಜೆಯೇ ಮುಗಿದಿರುತ್ತದೆ! ಕರುಳು ಹೀರಿದ ಮದ್ದು ಮೊದಲು ಯಕೃತ್ತನ್ನು ಹಾಯಬೇಕು. ಅಲ್ಲಿ ಹೆಚ್ಚುಕಡಿಮೆ ಅರ್ಧಪಾಲು ರೂಪಾಂತರ ಹೊಂದಿ, ಉಳಿದುದು ಮಾತ್ರ ದೇಹಕ್ಕೆ ದಕ್ಕುತ್ತದೆ. ರಕ್ತದಲ್ಲಿ ಅದರ ಶೇಕಡಾ 99ಕ್ಕೂ ಮಿಕ್ಕ ಭಾಗ ಆಲ್ಬುಮಿನ್ ಎಂಬ ಸಸಾರಜನಕಕ್ಕೆ ಅಂಟಿಕೊಂಡೇ ಸಂಚರಿಸುತ್ತದೆ.

ರಕ್ತದಲ್ಲಿನ ಮದ್ದು ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕೀಲಿನೊಳಗಿನ ದ್ರವವನ್ನಾದರೋ ಅದು ತಡವಾಗಿ ಸೇರಿ, ತಡವಾಗಿಯೇ ಬಿಡುತ್ತದೆ. 12 ಗಂಟೆಗಳವರೆಗೂ ಅಲ್ಲಿ ನಿಲ್ಲಬಲ್ಲುದು. ಮೊದಲನೆಯದು ಕೆಲಸ ಆರಂಭಿಸುವ ಮುನ್ನವೇ ನುಂಗಿದ ಎರಡನೆಯ ಮಾತ್ರೆ ಅಪಾಯವನ್ನಷ್ಟೇ ಹೆಚ್ಚಿಸುತ್ತದೆ. ಕೊನೆಗೆ ರೂಪಾಂತರಗೊಂಡ ಮದ್ದಿನ ಸುಮಾರು ಮೂರರಲ್ಲಿ ಎರಡು ಪಾಲು ಮೂತ್ರದಲ್ಲಿಯೂ, ಉಳಿದುದು ಪಿತ್ತರಸದ ಮೂಲಕ ಮಲದಲ್ಲಿಯೂ ಹೊರಹೋಗುತ್ತದೆ.

ಹೊದಿಕೆಯಿರುವುದರಿಂದ ಜಠರಕ್ಕೆ ಭಯವಿಲ್ಲವೆಂದು ತಿಳಿಯಬಾರದು. ಬಾವು-ನೋವುಗಳನ್ನು ಹೆಚ್ಚಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳೇ ಜಠರದ ಒಳಪೊರೆಯನ್ನೂ ಮೂತ್ರಪಿಂಡದ ರಕ್ತಸಂಚಾರವನ್ನೂ ಕಾಯುತ್ತವೆ. ಮದ್ದು ರಕ್ತದೊಡನೆ ಎಲ್ಲೆಡೆ ಹರಿದು ಅವುಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದಲೇ ಜಠರದ ಹುಣ್ಣು, ಹೃದ್ರೋಗ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮುಟ್ಟಲಾಗದು. ಉಳಿದವರೂ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು. ಹೊದಿಕೆಯ ಮಾತ್ರೆಯನ್ನು ಮುರಿದು ಪುಡಿಮಾಡಬಾರದು.

ಹಾಗಾದರೆ ನೇಮದ ಗತಿಯೇನು? ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿದ ಬಳಿಕ ಮಾತ್ರೆ ತೆಗೆದುಕೊಳ್ಳಿರಿ. ಆಹಾರದೊಡನೆ ಮದ್ದು ನಿಧಾನವಾಗಿ ಹೀರಲ್ಪಟ್ಟರೂ ದಕ್ಕುವ ಒಟ್ಟು ಪ್ರಮಾಣ ಅಷ್ಟಾಗಿ ಕುಂದದು. ಪೂಜೆಗೆ ನೆಲದ ಮೇಲೆಯೇ ಕೂಡಬೇಕೆಂಬ ಹಟವೂ ಬೇಡ. ಇಷ್ಟಲಿಂಗಕ್ಕೆ ಪೀಠವಾಗಿರುವುದು ಅಂಗೈ, ಮಂಡಿಯಲ್ಲ. ಕುರ್ಚಿಯ ಮೇಲೆ ಕುಳಿತು ಪೂಜಿಸಿದರೆ ನಿಷ್ಠೆಗೆ ಕುಂದಿಲ್ಲ. ಈಚೆಗೆ ನಾವೂ ಹಾಗೆಯೇ ಕೂಡುತ್ತಿದ್ದೇವೆ.