ಕೌದಿಯ ಹೊಲಿಗೆ, ಕೈಯ ಕೂಲಿ

ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸವರ್ಷದವರೆಗಿನ ರಜೆಯಲ್ಲಿ ವಾಷಿಂಗ್ಟನ್ ಆಸುಪಾಸಿನ, ಅಟ್ಲಾಂಟಾದ, ಕೆರೊಲಿನಾಗಳ ಕನ್ನಡ ಮನೆಗಳಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ತಾಳ್ಮೆಯ ಕೈಕೆಲಸವೊಂದನ್ನು ಕಲಿಯಬಯಸುವವರಿಗೆ ಕೌದಿ ಒಳ್ಳೆಯ ಆಯ್ಕೆ. ಹಳೆಯ ಸೀರೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಸೂಜಿ, ದಪ್ಪ ದಾರ ಇದ್ದರೆ ಸಾಕು. ಆದರೆ ಅದನ್ನು ಮನಸ್ಸಿನ ದಣಿವು ಕಳೆಯುವ ಉಪಾಯವೆಂದಷ್ಟೇ ಕಂಡರೆ ಮುಖ್ಯ ಪಾಠವೇ ತಪ್ಪಿಹೋಗುತ್ತದೆ. ಕೌದಿ ಕಲಿಸುವುದು ದುಡಿಮೆಯ ಲೆಕ್ಕವನ್ನು.

ಉತ್ತರ ಕರ್ನಾಟಕದಿಂದ ಬಂದ ಅನೇಕರ ನೆನಪಿನಲ್ಲಿ 'ಅಜ್ಜಿಯ ಕೌದಿ' ಇದೆ. ಎಷ್ಟೋ ಮನೆಗಳಲ್ಲಿ ಅಜ್ಜಿ ಕೊಟ್ಟದ್ದು ಬಟ್ಟೆಯನ್ನು ಮಾತ್ರ. ಹೊಲಿದವರು ಊರೂರು ತಿರುಗುವ ಅಲೆಮಾರಿ ಹೆಣ್ಣುಮಕ್ಕಳು. ಅವರ ಹೆಸರು ನೆನಪಿನಲ್ಲಿ ಉಳಿದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯಲ್ಲಿ ಸಿದ್ದಿ ಹೆಣ್ಣುಮಕ್ಕಳ ಕೌದಿಗಳಿವೆ. ಅವರ ಪೂರ್ವಿಕರು ಆಫ್ರಿಕಾದವರು. ಅನೇಕರು ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹೊಲಿಗೆ ಮೂಲೆಯಿಂದ ಆರಂಭವಾಗಿ, ಅಂಚಿಗೆ ತೇಪೆ ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಸಾಗುತ್ತದೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂವು ಕೂಡಿದ ಮೇಲೆಯೇ ಕೌದಿ ಪೂರ್ತಿಯಾದಂತೆ. ಇಂಥ ಕಸುಬು ಕೈಯಲ್ಲಿದ್ದ ಈ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ.

ವಲಸಿಗ ಕನ್ನಡಿಗರು ಇಂದು ನೆಲೆಸಿರುವ ನೆಲಕ್ಕೂ ಇದೇ ಬಗೆಯ ಚರಿತ್ರೆಯಿದೆ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್, ಬೈಬಲ್ ಕಥೆಗಳನ್ನು ಬಟ್ಟೆಯ ಚೂರುಗಳಲ್ಲಿ ಚಿತ್ರಿಸಿ ಹೊಲಿದ ಹೊದಿಕೆಯನ್ನು 1886ರ ಏಥೆನ್ಸ್ ಹತ್ತಿ ಮೇಳದಲ್ಲಿ ಪ್ರದರ್ಶಿಸಿದಳು. ಆಗ ಅದನ್ನು ಮಾರಲು ಒಪ್ಪದ ಆಕೆ, ಕೆಲವು ವರ್ಷಗಳ ನಂತರ ಕಷ್ಟ ಬಂದಾಗ ಹತ್ತು ಡಾಲರ್ ಕೇಳಿ ಐದಕ್ಕೆ ಕೊಟ್ಟಳು. ಕೊಟ್ಟ ಮೇಲೂ ಅದನ್ನು ನೋಡಲು ಮತ್ತೆ ಮತ್ತೆ ಹೋದಳು. ಇಂದು ಅದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಚರಿತ್ರೆಯ ವಸ್ತುಸಂಗ್ರಹಾಲಯದ ಸಂಪತ್ತು. ಕಲೆಗೆ ಗೌರವ ಬಂತು. ಕೈಗೆ ಸಂದದ್ದು ಐದು ಡಾಲರ್.

ರಜೆಯಲ್ಲಿ ಸೂಜಿ ಹಿಡಿದವರು ಒಂದು ಸಣ್ಣ ಕೆಲಸ ಮಾಡಬಹುದು: ಕೂತ ಗಂಟೆಗಳನ್ನು ಬರೆದಿಡುವುದು. ಒಂದು ಕೌದಿಗೆ ಅರವತ್ತು ಗಂಟೆ ಹಿಡಿಯಿತೆನ್ನೋಣ. ಜಾರ್ಜಿಯಾದಲ್ಲೂ ಎರಡೂ ಕೆರೊಲಿನಾಗಳಲ್ಲೂ ಅನ್ವಯಿಸುವ ಒಕ್ಕೂಟದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಆ ಲೆಕ್ಕದಲ್ಲಿ ಕೌದಿಯ ಕೂಲಿ 435 ಡಾಲರ್. ರಾಜಧಾನಿ ವಾಷಿಂಗ್ಟನ್‌ನಲ್ಲಿ 2025ರ ಜುಲೈನಿಂದ ಜಾರಿಗೆ ಬಂದ 17.95 ಡಾಲರಿನಂತೆ ಅದು 1,077. ಬಟ್ಟೆ, ದಾರ ಬೇರೆ. ಊರಿಗೆ ಹೋದಾಗ ಕರಕುಶಲ ಮೇಳದಲ್ಲಿ ನಿಂತು 'ಇನ್ನೂರು ರೂಪಾಯಿ ಬಿಡಿ' ಎನ್ನುವ ನಾಲಗೆ ಈ ಲೆಕ್ಕದ ಮುಂದೆ ತಡವರಿಸಬೇಕು.

ಸಂತೋಷಕ್ಕೆ ಮಾಡುವ ಕೆಲಸಕ್ಕೆ ಕೂಲಿಯ ಲೆಕ್ಕವೇಕೆ ಎಂಬ ಆಕ್ಷೇಪ ಸಹಜ. ಹವ್ಯಾಸಿಗೆ ಹೊಲಿಗೆ ಹಿತವಾಗಿರುವುದು ಅದನ್ನು ಮಾರಿ ಅಕ್ಕಿ ತರಬೇಕಾಗಿಲ್ಲ ಎಂಬುದರಿಂದ. ಆ ನಿರಾಳತೆ ತಪ್ಪಲ್ಲ. ಅದು ಎಲ್ಲರಿಗೂ ಇದೆಯೆಂದು ಭಾವಿಸುವುದು ತಪ್ಪು. ಬೆರಳು ನೋಯುವಾಗ ಸೂಜಿ ಕೆಳಗಿಡುವ ಸ್ವಾತಂತ್ರ್ಯ ಹವ್ಯಾಸಿಗಿದೆ, ಕಸುಬಿನವಳಿಗಿಲ್ಲ. ಮನೆಯೊಳಗೂ ಇದೇ ಪ್ರಶ್ನೆ: ರಜೆಯಲ್ಲಿ ಒಬ್ಬರು ಹವ್ಯಾಸಕ್ಕೆ ಕೂತರೆ ನೆಂಟರಿಗೆ ಅಡುಗೆ ಮಾಡುವವರು ಯಾರು? ಗಂಡಸರೂ ಸೂಜಿ ಹಿಡಿಯಲಿ, ಸರದಿಯ ಮೇಲೆ ಸೌಟನ್ನೂ ಹಿಡಿಯಲಿ.

ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗದಂಥ ಕನ್ನಡ ಕೂಟಗಳ ಹಬ್ಬದ ಸಭಾಂಗಣಗಳಲ್ಲಿ ಇಂಥ ಕೌದಿಗಳನ್ನು ತೂಗುಹಾಕಲು ಜಾಗವಿದ್ದೇ ಇದೆ. ಪ್ರತಿಯೊಂದರ ಪಕ್ಕದಲ್ಲಿ ಹಿಡಿದ ಗಂಟೆಗಳ ಸಂಖ್ಯೆಯನ್ನೂ, ಆ ಹೊಲಿಗೆ ಯಾವ ಸಮುದಾಯದ ಕೈಯಿಂದ ಬಂದದ್ದೆಂಬುದನ್ನೂ ಬರೆದಿಡಬೇಕು. ಅದರ ಜೊತೆಗೆ, ಸಿದ್ದಿ ಹೆಣ್ಣುಮಕ್ಕಳಿಂದ ಅವರು ಹೇಳಿದ ಬೆಲೆಗೇ ಒಂದಾದರೂ ಕೌದಿಯನ್ನು ಕೊಳ್ಳಬೇಕು.